ಕುಸುಬಿ ಎಣ್ಣೆ ಉಂಡ ಚೈನು

ಕುಸುಬಿ ಎಣ್ಣೆ ಒಗ್ಗರಣೆಗೆ ಒಳ್ಳೆಯದು, ದೀಪಕ್ಕೆ ಒಳ್ಳೆಯದು, ಎಳೆಗೂಸಿನ ಮೈಗೆ ತಿಕ್ಕಲಿಕ್ಕೂ ಒಳ್ಳೆಯದು. ನಮ್ಮ ಕಡೆ ಅದರ ಮೇಲೆ ದೂರು ಹೇಳುವವರು ಸಿಗುವುದಿಲ್ಲ. ಅದನ್ನು ಮೋಟರ್ ಸೈಕಲ್ಲಿನ ಚೈನಿಗೆ ಹಾಕಿದರೆ ಏನಾಗುತ್ತದೆ ಎಂಬುದು ಮಾತ್ರ ಆ ಬೇಸಿಗೆಯ ತನಕ ನನಗೂ ಗೊತ್ತಿರಲಿಲ್ಲ.

ನನ್ನ ಗ್ಯಾರೇಜು ತಾಂಬಾದಲ್ಲಿ, ಇಂಡಿಗೆ ಹೋಗುವ ರಸ್ತೆಗೆ ಹತ್ತಿಕೊಂಡಿದೆ. ಬಾಜೂಕ್ಕೆ ಒಂದು ಚಹಾದಂಗಡಿ. ನಡುವೆ ಬೇವಿನ ಗಿಡ, ಅದರ ನೆರಳು ಮುಂಜಾನೆ ಚಹಾದಂಗಡಿಯವನದು, ಮಧ್ಯಾಹ್ನದ ಮೇಲೆ ನನ್ನದು. ಒಂದು ಗುರುವಾರ ನೆರಳು ನನ್ನ ಕಡೆ ಹೊರಳಿದ ಹೊತ್ತಿಗೆ ಇಬ್ಬರು ಹೆಣ್ಣುಮಕ್ಕಳು ಗಾಡಿ ನೂಕಿಕೊಂಡು ಬಂದರು. ಹ್ಯಾಂಡಲ್ ಹಿಡಿದವಳು ಚಿಕ್ಕ ವಯಸ್ಸಿನವಳು. ಹಿಂದಿನಿಂದ ಕ್ಯಾರಿಯರಿಗೆ ಕೈ ಕೊಟ್ಟು ನೂಕುತ್ತಿದ್ದವಳು ಅವಳ ಅತ್ತೆ. ಊರ ಹೊರಗಿನ ತೋಟದ ವಸ್ತಿಯಿಂದ ಆ ಬಿಸಿಲಲ್ಲಿ ಇಬ್ಬರೂ ನಡೆದೇ ಬಂದಿದ್ದರು. ಗಾಡಿ ನ್ಯೂಟ್ರಲ್‌ನಲ್ಲಿದ್ದರೂ ಹಿಂದಿನ ಗಾಲಿ ನಾಲ್ಕು ಮಾರು ಉರುಳುವುದು, ಯಾರೋ ಹಿಡಿದೆಳೆದ ಹಾಗೆ ನಿಲ್ಲುವುದು, ಮತ್ತೆ ಉರುಳುವುದು.

ಚಹಾದಂಗಡಿಯವನಿಗೆ ಸುಮ್ಮನಿರಲು ಬರುವುದಿಲ್ಲ. "ಏನ್ ಅವ್ವಾರ, ಹೋರಿ ಮೊಂಡ ಬಿದ್ದೈತೇನು? ಮಿಸ್ತ್ರಿ ಕಡೆ ಯಾಕ ತಂದ್ರಿ, ದನದ ಡಾಕ್ಟರ ಕಡೆ ಒಯ್ಯಬೇಕಿತ್ತು."

ಸೊಸೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದಳು: "ಈ ಗಾಡಿ ನಡದ್ರ ನಾನ ದನದ ಡಾಕ್ಟರ ಕೈಕೆಳಗ ಕೆಲಸಕ್ಕ ಹೋಗಾಕಿ ಅದೀನ್ರಿ ಕಾಕಾ. ಅದಕ್ಕ ಮೊದಲ ಇಲ್ಲಿ ತಂದೇವಿ."

ಅವನು ನಕ್ಕು ಎರಡು ಲೋಟ ನೀರು ತಂದುಕೊಟ್ಟ.

ನಾನು ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿದೆ. ವರ್ಷದ ಮೇಲೆ ನಿಂತ ಗಾಡಿ ಎಂದರು. ಆದರೆ ಅದರ ಮೈಮೇಲೆ ಒಂದು ಕಣ ಧೂಳಿಲ್ಲ. ಟ್ಯಾಂಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೆಡ್‌ಲೈಟಿನ ಮೇಲೆ ಮೂರು ಬೆರಳಿನ ವಿಭೂತಿ, ಹ್ಯಾಂಡಲ್ಲಿಗೆ ಅರಿಷಿಣದ ದಾರ. ನಿಂತ ಗಾಡಿಗಳನ್ನು ನಾನು ಬಹಳ ನೋಡಿದ್ದೇನೆ. ಕೋಳಿ ತತ್ತಿ ಇಟ್ಟಿರುತ್ತವೆ, ಸೀಟಿನೊಳಗೆ ಇಲಿ ಸಂಸಾರ ಹೂಡಿರುತ್ತದೆ. ಇಷ್ಟು ಜೋಪಾನ ಮಾಡಿದ ಗಾಡಿ ಉರುಳಲು ಏಕೆ ಒಲ್ಲೆ ಎನ್ನುತ್ತಿದೆ ಎಂದು ಚೈನಿನ ಕವರು ಬಿಚ್ಚಿದೆ.

ಒಳಗಿದ್ದುದನ್ನು ಚೈನು ಎನ್ನಲಿಕ್ಕೆ ಬಾಯಿ ಬರಲಿಲ್ಲ. ಕೆಳಗಿನ ಅರ್ಧ ಅರಗು ಕಾಸಿ ಹೊಯ್ದ ಹಾಗೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಬೆರಳಿಂದ ಎತ್ತಿದರೆ ಬಾಗಲಿಲ್ಲ, ಕೋಲಿನ ಹಾಗೆ ಎದ್ದು ನಿಂತಿತು. ಮೂಗಿಗೆ ಹಿಡಿದೆ. ಗ್ರೀಸಿನ ವಾಸನೆಯಲ್ಲ, ಹಳೆಯ ದೀಪದ ಗೂಡಿನ ವಾಸನೆ.

"ಇದಕ್ಕ ಎಣ್ಣಿ ಯಾರ್ ಹಾಕಿದವ್ರು?"

"ನಾನ ಹಾಕೇನಿ ತಮ್ಮಾ," ಎಂದಳು ಅತ್ತೆ. "ಅಮಾಸಿಗೊಮ್ಮಿ. ಒಂದೂ ತಪ್ಪಿಸಿಲ್ಲ."

"ಯಾ ಎಣ್ಣಿರಿ?"

"ಕುಸುಬಿ ಎಣ್ಣಿ. ಗಾಣದ್ದು, ಅಂಗಡಿ ಪಾಕೀಟಿಂದ ಅಲ್ಲ."

ಗಾಡಿ ಅವಳ ಮಗನದು. ಅವನು ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು, ಪೂಜೆ ಮಾಡಿ, ಕವರಿನ ಮೇಲಿರುವ ರಬ್ಬರಿನ ಮುಚ್ಚಳ ತೆಗೆದು ಬಾಟಲಿಯಿಂದ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅದು ಗೇರ್ ಆಯಿಲ್. ಆದರೆ ಅದನ್ನವನು ತುಂಬಿಟ್ಟದ್ದು ಅಡಿಗೆ ಮನೆಯಿಂದ ಎತ್ತಿ ತಂದ ಕುಸುಬಿ ಎಣ್ಣೆಯ ಹಳೇ ಬಾಟಲಿಯಲ್ಲಿ. ಅವನು ತೀರಿಕೊಂಡ ಮೇಲೆ ಬಂದ ಮೊದಲ ಅಮಾವಾಸ್ಯೆಗೆ ತಾಯಿ ಅದೇ ಬಾಟಲಿ ತೆಗೆದಳು. ತಳದಲ್ಲಿ ಸ್ವಲ್ಪವೇ ಉಳಿದಿತ್ತು, ಹಾಕಿದಳು. ಮುಂದಿನ ಅಮಾವಾಸ್ಯೆಗೆ ಮನೆಯಲ್ಲಿದ್ದ ಒಳ್ಳೆಯ ಎಣ್ಣೆಯಿಂದ ಅದನ್ನು ತುಂಬಿದಳು. ಮಗ ಎಣ್ಣೆ ಬಿಡುವಾಗ ಇನ್ನೊಂದು ಕೈಯಿಂದ ಗಾಲಿ ತಿರುಗಿಸುತ್ತಿದ್ದ. ಅದನ್ನು ಅವಳು ಗಮನಿಸಿರಲಿಲ್ಲ. ಹೀಗಾಗಿ ಎಣ್ಣೆ ಒಂದೇ ಕಡೆ ಇಳಿದು, ಗಾಳಿ ಕುಡಿದು, ಗಟ್ಟಿಯಾಗಿ, ಅದರ ಮೇಲೆ ಮುಂದಿನ ತಿಂಗಳ ಎಣ್ಣೆಯನ್ನು ಹೊದ್ದುಕೊಂಡು ಕೂತಿತ್ತು. ಗೇರ್ ಆಯಿಲ್ ಎಷ್ಟು ವರ್ಷವಾದರೂ ಜಿಡ್ಡಾಗಿಯೇ ಇರುತ್ತದೆ. ಕುಸುಬಿ ಎಣ್ಣೆ ಆರಿ ವಾರ್ನಿಷ್ ಆಗುತ್ತದೆ.

ಅವಳ ಎಣ್ಣೆಗೆ ಹೆಸರಿಡದೆ ಕೈ ಒರೆಸಿಕೊಂಡೆ. ಸತ್ತವರ ಸಾಮಾನು ಮುಟ್ಟುವಾಗ ಕೈಗಿಂತ ಮೊದಲು ಬಾಯಿ ತೊಳೆದುಕೋ ಎಂದು ನಮ್ಮ ಮುತ್ಯಾ ಹೇಳುತ್ತಿದ್ದ.

ಸೊಸೆ ತನ್ನ ವಿಷಯ ಹೇಳಿದಳು. ಗಂಡ ಹೋದ ವರ್ಷ ಕಾಮಾಲೆ ಬೇನೆ ಬಿಗಡಾಯಿಸಿ ತೀರಿಕೊಂಡಿದ್ದ. ಆಮೇಲೆ ಅವಳು ದನಗಳಿಗೆ ಲಸಿಕೆ ಹಾಕುವುದು, ಕಿವಿಗೆ ನಂಬರಿನ ಓಲೆ ಚುಚ್ಚುವುದು, ಕರು ಹಾಕುವಾಗ ನೋಡಿಕೊಳ್ಳುವುದು ಇದನ್ನೆಲ್ಲ ಕಲಿತಿದ್ದಳು. ಸೋಮವಾರದಿಂದ ಝಳಕಿ ಕಡೆಯ ವಸ್ತಿಗಳಿಗೆ ತಿರುಗುವ ಕೆಲಸ ಬಂದಿತ್ತು. ವಸ್ತಿಗಳ ಒಳಗೆ ಬಸ್ಸು ಹೋಗುವುದಿಲ್ಲ. ಸ್ವಂತ ಗಾಡಿ ಇದ್ದವರನ್ನೇ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಗಾಡಿ ಓಡಿಸುವುದು ಅವಳಿಗೆ ಬರುತ್ತಿತ್ತು. ಜೋಳ ಕೊಯ್ದ ಖಾಲಿ ಎರೆಹೊಲದಲ್ಲಿ ಗಂಡನೇ ಕಲಿಸಿದ್ದ.

"ರವಿವಾರ ಮುದ್ದೇಬಿಹಾಳದಿಂದ ನಮ್ಮಣ್ಣ ಬರಾಂವ ಅದಾನ್ರಿ," ಎಂದಳು. "ಕೆಲಸ ಹತ್ತಿದ್ರ ಇರು, ಇಲ್ಲಾಂದ್ರ ಬಟ್ಟಿ ಗಂಟ ಕಟ್ಟು, ತವರಮನಿಗೆ ನಡಿ ಅಂದಾನು. ಅಂವಂದೂ ತಪ್ಪಲ್ರಿ. ನನಗ ಹೋಗೂ ಮನಸ್ಸಿಲ್ಲ."

ಅತ್ತೆ ರಸ್ತೆಯ ಕಡೆ ನೋಡುತ್ತಾ ಇದ್ದಳು. "ಇಕಿ ಹ್ವಾದ್ರ ಮನ್ಯಾಗ ಅವನ ಹೆಸರ ತಗದು ಮಾತಾಡಾಕ ಯಾರೂ ಇಲ್ಲ ತಮ್ಮಾ. ಗಾಡಿ ನಡೂಹಂಗ ಮಾಡು. ಏನ್ ಬೇಕಾದ್ರೂ ಮಾಡು. ಚೈನ್ ಮಾತ್ರ ಬದಲಿ ಮಾಡಬ್ಯಾಡ."

"ಯಾಕ್ರಿ ಅವ್ವಾರ?"

"ದವಾಖಾನಿಗೆ ಹೋಗೂ ಮುಂಜಾನಿ ಅಂಗಳದಾಗ ಕುಂತು ಅವನ ಬಿಗದಾನ ಅದನ್ನ. ಮೈಯಾಗ ಜ್ವರ. ಬಂದ ಮ್ಯಾಲ ಬಿಗೀವಂತಿ ಏಳೋ ಅಂದ್ನಿ. ಎರಡ ಮಿನಿಟ ಅವ್ವಾ ಅಂದ. ಅದ ಕಡೀಕೆಲಸ ಅವಂದು."

ಚೈನು ಕೆಟ್ಟಿದೆಯೋ ಬರೀ ಮೆತ್ತಿಕೊಂಡಿದೆಯೋ ಆಗ ನನಗಿನ್ನೂ ತಿಳಿದಿರಲಿಲ್ಲ. "ಉಳಸಾಕ ನೋಡ್ತೇನ್ರಿ" ಎಂದೆ. ಉಳಿಸುತ್ತೇನೆ ಎನ್ನಲಿಲ್ಲ. ಅವಳು ಅದನ್ನು ಹಾಗೆ ಕೇಳಿಸಿಕೊಂಡಳೋ ಇಲ್ಲವೋ.

ಅವರು ಹೋದ ಮೇಲೆ ಕೆಲಸಕ್ಕೆ ಕೂತೆ. ಗಾಲಿಯನ್ನು ಹಿಂದೆ ಎಳೆದು ಚೈನು ಬಿಗಿ ಮಾಡುವ ಅಡ್ಜಸ್ಟರ್ ಎರಡೂ ಕಡೆ ಎಲ್ಲಿ ನಿಂತಿವೆ ಎಂದು ಸುಣ್ಣದ ಕಡ್ಡಿಯಿಂದ ಗುರುತು ಮಾಡಿದೆ. ಅವನು ಬಿಗಿದ ಜಾಗಕ್ಕೇ ತಿರುಗಿ ತರಬೇಕೆಂಬುದು ನನ್ನ ಲೆಕ್ಕ. ಎಡಕ್ಕೂ ಬಲಕ್ಕೂ ಕೂದಲೆಳೆಯ ಫರಕಿರಲಿಲ್ಲ. ಚೈನಿನ ಎರಡು ತುದಿ ಕೂಡಿಸುವ ಲಾಕನ್ನು, ಅದರ ಮುಚ್ಚಿದ ಮೂತಿ ಚೈನು ಓಡುವ ದಿಕ್ಕಿಗೆ ಬರುವ ಹಾಗೆ ಸರಿಯಾಗಿ ಹಾಕಿದ್ದ. ಇದನ್ನು ತಿರುವುಮುರುವು ಹಾಕಿ ದಾರಿಯಲ್ಲಿ ಚೈನು ಕಳಚಿಕೊಂಡು ಬರುವ ಗಿರಾಕಿಗಳು ನನ್ನಲ್ಲಿ ತಿಂಗಳಿಗೆ ಒಬ್ಬರಾದರೂ ಇದ್ದಾರೆ. ಜ್ವರದ ಕೈಯಲ್ಲಿ ಮಾಡಿದ ಕೆಲಸ ಅನ್ನುವ ಹಾಗಿರಲಿಲ್ಲ. ಇಕ್ಕಳದಿಂದ ಲಾಕು ಬಿಡಿಸಿ, ಚೈನು ಹೊರಗೆ ತೆಗೆದು, ಡೀಸೆಲ್ ತುಂಬಿದ ಡಬ್ಬಿಯಲ್ಲಿ ಮುಳುಗಿಸಿದೆ.

ಮರುದಿನ ಮುಂಜಾನೆ ತೆಗೆದು ನೋಡಿದರೆ ಡೀಸೆಲ್ ಕಪ್ಪಾಗಿತ್ತು, ಚೈನು ಇದ್ದ ಹಾಗೇ ಇತ್ತು. ತಂತಿಯ ಬ್ರಷ್ ಹಾಕಿ ತಿಕ್ಕಿದೆ. ಮೇಲಿನ ಪದರು ಸುಲಿಯಿತು, ಕೀಲಿನ ಒಳಗಿನದು ಜಗ್ಗಲಿಲ್ಲ. ಥಿನ್ನರ್ ಹಾಕಿದೆ. ಮೆತ್ತಗಾಗಿ ಕೈಗೆ ಅಂಟಿ, ಆರಿದ ಮೇಲೆ ಮತ್ತೆ ಗಟ್ಟಿಯಾಯಿತು. ಒಂದೊಂದೇ ಕೊಂಡಿಯನ್ನು ಹಿಡಿದು ಮುರಿದು ಮುರಿದು ಆಡಿಸಿದೆ. ಹೆಬ್ಬೆರಳು ಬಾತುಕೊಂಡಿತು. ಬೇರೆ ಗಿರಾಕಿಗಳು ಬಂದು ನೋಡಿ ಹೋಗುತ್ತಿದ್ದರು. ಹಾಲಿನ ಕ್ಯಾನು ಹೊರುವವನೊಬ್ಬ ಅಂದ: "ಮಿಸ್ತ್ರಿ, ಜಪಮಾಲಿ ಹಿಡದೀಯೇನು?"

ಮಧ್ಯಾಹ್ನ ಸೊಸೆ ಒಬ್ಬಳೇ ನೋಡಲು ಬಂದಳು. ಚೈನನ್ನು ಕೈಯಲ್ಲಿ ತೆಗೆದುಕೊಂಡು ಉಗುರಿನಿಂದ ಗೀರಿ ನೋಡಿದಳು.

"ಅಣ್ಣಾರ, ಇದು ಬಜಿ ಕರಿಯೂ ಬೋಗಾಣಿ ಹೊರಗ ಎಣ್ಣಿ ಜಿಡ್ಡ ಕೂಡ್ತೈತಲ್ಲ, ಅದರಂಗ ಐತಿ. ಅದಕ್ಕ ನಾವು ಒಗಿಯೂ ಸೋಡಾ ಹಾಕಿ ಕುದಸ್ತೇವ್ರಿ."

ನನಗೆ ಹೊಳೆದಿರಲಿಲ್ಲ. ಗ್ಯಾರೇಜಿನವನಿಗೆ ಡೀಸೆಲ್ ಮುಂದೆ ಬೇರೆ ನೀರಿಲ್ಲ. ಚಹಾದಂಗಡಿಯ ಹಿಂದೆ ಮೂರು ಕಲ್ಲು ಹೂಡಿ, ಎಣ್ಣೆಯ ಹಳೇ ಡಬ್ಬಿಯಲ್ಲಿ ಸೋಡಾ ನೀರು ಕುದಿಯಲಿಟ್ಟು ಚೈನು ಬಿಟ್ಟೆವು. ನೊರೆ ಎದ್ದು ಬಂತು, ಕಂದು ನೊರೆ.

"ಉಪ್ಪು ಖಾರಾ ಹಾಕಿರೇನು?" ಎಂದ ಚಹಾದಂಗಡಿಯವ. "ನನ್ನ ಅಂಗಡಿ ಹಿಂದ ಕಬ್ಬಿಣದ ಪಲ್ಲೆ ಮಾಡಾಕತ್ತಾರಂತ ಊರೆಲ್ಲಾ ಸುದ್ದಿ ಹಬ್ಬಸ್ತೇನಿ ನೋಡು."

ಕುದ್ದು ಇಳಿಸಿದ ಮೇಲೆ ಚೈನು ಮೊದಲ ಸಲ ಬಾಗಿತು. ಇಬ್ಬರೂ ಎರಡು ತುದಿ ಹಿಡಿದು ಕೊಂಡಿ ಕೊಂಡಿ ಆಡಿಸುತ್ತ ಬಂದೆವು. ಸೊಸೆಯ ಮುಖದಲ್ಲಿ ಸ್ವಲ್ಪ ನಗು ಬಂತು. "ಅತ್ತೀಗೆ ಹೇಳ್ತೇನ್ರಿ, ಉಳದೈತಿ ಅಂತ" ಎಂದಳು. ತಡಿ ತಂಗಿ, ಗಾಡಿಗೆ ಹಾಕಿ ನೋಡುವ ತನಕ ಹೇಳಬೇಡ ಎಂದೆ. ಹೇಳದೆ ಇದ್ದಿರಲಿಕ್ಕಿಲ್ಲ. ಒಳ್ಳೆಯ ಸುದ್ದಿಯನ್ನು ವಸ್ತಿಯ ತನಕ ಬಾಯಲ್ಲಿ ಹಿಡಿದುಕೊಂಡು ಹೋಗಲು ಯಾರಿಗಾಗುತ್ತದೆ?

ಅವಳು ಹೋದ ಮೇಲೆ ಚೈನನ್ನು ಬಿಸಿ ನೀರಲ್ಲಿ ತೊಳೆದು, ಬಿಸಿಲಿಗೆ ಆರಿಸಿ, ಬೆಚ್ಚಗೆ ಮಾಡಿದ ಗೇರ್ ಆಯಿಲ್ಲಿನಲ್ಲಿ ನೆನೆಯಲಿಟ್ಟೆ. ಸಂಜೆ ತೆಗೆದು ಗಾಡಿಗೆ ಹಾಕಿ ಗಾಲಿ ತಿರುಗಿಸಿದೆ. ಅಂಟು ಹೋಗಿತ್ತು. ಅಂಟು ಹೋದ ಮೇಲೆ ಅದರ ಕೆಳಗೆ ಏನಿತ್ತು ಎಂಬುದು ಕಾಣಿಸಿತು.

ಚೈನಿನ ಸಡಿಲು ನೋಡುವುದು ಹೀಗೆ. ಎರಡು ಹಲ್ಲುಗಾಲಿಗಳ ನಟ್ಟನಡುವೆ, ಕೆಳಗಿನ ಎಳೆಯನ್ನು ಬೆರಳಿಂದ ಮೇಲೆ ಎತ್ತಿ ಕೆಳಗೆ ಒತ್ತಬೇಕು. ಎರಡು ಬೆರಳಿನಷ್ಟು ಆಡಬೇಕು. ಒಂದು ಕಡೆ ನೋಡಿ ಬಿಡಬಾರದು, ಗಾಲಿ ಸ್ವಲ್ಪ ಸ್ವಲ್ಪ ತಿರುಗಿಸಿ ಸುತ್ತಲೂ ನೋಡಬೇಕು. ಈ ಚೈನು ಒಂದು ಕಡೆ ಎರಡು ಬೆರಳು ಆಡುತ್ತಿತ್ತು, ಗಾಲಿ ಅರ್ಧ ತಿರುಗಿಸಿದರೆ ಏಕತಾರಿಯ ತಂತಿಯ ಹಾಗೆ ಬಿಗಿಯುತ್ತಿತ್ತು, ಇನ್ನೂ ಸ್ವಲ್ಪ ತಿರುಗಿಸಿದರೆ ಜೋತು ಬಿದ್ದು ಕವರಿಗೆ ತಾಗುತ್ತಿತ್ತು. ಎಲ್ಲ ಕೊಂಡಿ ಒಂದೇ ಸಮ ಸವೆದಿರಲಿಲ್ಲ. ಬಿಗಿ ಜಾಗಕ್ಕೆ ಹೊಂದಿಸಿದರೆ ಸಡಿಲ ಜಾಗದಲ್ಲಿ ಹಲ್ಲು ಬಿಟ್ಟು ಹಾರುತ್ತದೆ. ಸಡಿಲ ಜಾಗಕ್ಕೆ ಹೊಂದಿಸಿದರೆ ಬಿಗಿ ಜಾಗದಲ್ಲಿ ಹರಿಯುತ್ತದೆ. ಹಿಂದಿನ ಹಲ್ಲುಗಾಲಿಯ ಹಲ್ಲುಗಳು ಕುಡುಗೋಲಿನ ಹಾಗೆ ಒಂದೇ ಕಡೆ ಬಾಗಿದ್ದವು. ಮತ್ತು ಅಡ್ಜಸ್ಟರುಗಳು ನಿಂತದ್ದು ಕಡೆಯ ಗೆರೆಯ ಮೇಲೆ. ಅದರ ಆಚೆಗೆ ಎಳೆಯಲು ಜಾಗವೇ ಇರಲಿಲ್ಲ. ನಿನ್ನೆ ಸುಣ್ಣದ ಗುರುತು ಮಾಡುವಾಗ ಅದನ್ನು ನೋಡಿಯೂ ಮನಸ್ಸಿಗೆ ತಂದುಕೊಂಡಿರಲಿಲ್ಲ.

ಆದರೂ ನಡುವಿನ ಒಂದು ಬಿಗಿ ಹುಡುಕಿ ಹೊಂದಿಸಿದೆ. ಖಾಲಿ ಗಾಡಿಗೆ ಸರಿ ಕಂಡ ಚೈನು ಭಾರ ಬಿದ್ದರೆ ಬೇರೆಯೇ ಆಗುತ್ತದೆ. ಸೊಸೆಯ ಹಿಂದೆ ಲಸಿಕೆಯ ಪೆಟ್ಟಿಗೆ ಇರುತ್ತದೆ, ಅದನ್ನು ತಂಪಿಡುವ ಬರ್ಫ ಇರುತ್ತದೆ. ಅದಕ್ಕೆ ಶನಿವಾರ ಮುಂಜಾನೆ ಹೊಸ ಪೆಟ್ರೋಲ್ ಹಾಕಿ, ಪ್ಲಗ್ ಒರೆಸಿ ಚಾಲೂ ಮಾಡಿ, ಚಹಾದಂಗಡಿಯವನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಅವನು ಎರಡು ಪೆಟ್ಟಿಗೆಗೆ ಸಮ.

ಅವರ ವಸ್ತಿಯ ದಾರಿಯ ಹಳ್ಳದ ತನಕ ಏನೂ ಆಗಲಿಲ್ಲ. ಹಳ್ಳ ದಾಟಿ ದಿಬ್ಬ ಏರುವಾಗ ಎರಡನೇ ಗೇರಿಗೆ ಇಳಿಸಿ ಎಕ್ಸ್‌ಲೇಟರ್ ಕೊಟ್ಟೆ. ಕವರಿನೊಳಗೆ ಕಟಕಟ ಎಂದಿತು, ಮರುಗಳಿಗೆ ಹಿಂದಿನ ಗಾಲಿ ಕಚ್ಚಿ ಹಿಡಿದ ಹಾಗೆ ನಿಂತುಬಿಟ್ಟಿತು. ಗಾಡಿ ಅಡ್ಡ ಜಾರಿತು. ಇಬ್ಬರೂ ಬಿದ್ದೆವು. ಚೈನು ಹಲ್ಲು ಬಿಟ್ಟು ಎದ್ದು ಗಾಲಿಗೂ ಹಲ್ಲುಗಾಲಿಗೂ ನಡುವೆ ಸಿಕ್ಕಿಕೊಂಡಿತ್ತು. ವೇಗವಿರಲಿಲ್ಲ, ರಸ್ತೆ ಖಾಲಿ ಇತ್ತು, ಅದೇ ಪುಣ್ಯ. ಹೆದ್ದಾರಿಯ ಮೇಲೆ ಹಿಂದೆ ಲಾರಿ ಇದ್ದರೆ ಎಂದು ಒಂದು ಗಳಿಗೆ ಅಲ್ಲೇ ನೆಲದ ಮೇಲೆ ಕೂತು ಯೋಚಿಸಿದೆ.

ಚಹಾದಂಗಡಿಯವ ಹರಿದ ಪೈಜಾಮದೊಳಗಿಂದ ತನ್ನ ಮೊಣಕಾಲು ನೋಡಿಕೊಳ್ಳುತ್ತಿದ್ದ. "ಮಿಸ್ತ್ರಿ, ನಿನ್ನ ಪರೀಕ್ಷಾಕ್ಕ ನನ್ನ ಮೊಣಕಾಲ ಬೇಕಿತ್ತೇನು? ಒಂದ್ ಚೀಲ ಸಿಮೆಂಟ್ ಇಟ್ಟಿದ್ರ ಆಗ್ತಿದ್ದಿಲ್ಲ?"

ಗಾಡಿ ನೂಕಿಕೊಂಡು ತಿರುಗಿ ಬರುವಾಗ ಅವನು ಗಂಭೀರವಾಗಿ ಮಾತಾಡಿದ. ಅವನು ಹಾಗೆ ಮಾತಾಡುವುದು ಅಪರೂಪ.

"ಹೊಸ ಚೈನ್ ಹಾಕು. ಕವರ್ ಮುಚ್ಚು. ಹಳೇದ ಐತಿ ಅಂದ್ಬಿಡು. ಒಳಗ ಹೊಕ್ಕು ಯಾರ್ ನೋಡ್ತಾರ? ಮುದುಕೀಗೂ ಸಮಾಧಾನ, ಹುಡುಗೀಗೂ ಕೆಲಸ. ಒಳ್ಳೇದಕ್ಕ ಹೇಳಿದ್ದು ಸುಳ್ಳಲ್ಲ."

ಸುಳ್ಳು ಹೇಳಲಿಕ್ಕೆ ನನಗೇನು ಮಡಿ ಇಲ್ಲ. ಗಾಡಿ ನಾಳೆ ಆಗುತ್ತದೆ ಎಂದು ದಿನಾ ಹೇಳುತ್ತೇನೆ. ಆ ಹೊತ್ತಿಗೆ ಅವನ ಮಾತು ಸರಿ ಎಂದೇ ಕಂಡಿತು. ಅಂಗಡಿಗೆ ಬಂದು ಕವರು ಕೈಯಲ್ಲಿ ಹಿಡಿದು ಕೂತೆ. ಕವರು ಮುಚ್ಚಿದರೆ ನಿಜವಾಗಿಯೂ ಯಾರಿಗೂ ಕಾಣುವುದಿಲ್ಲ. ಆದರೆ ಈ ಗಾಡಿ ಇನ್ನು ಮೂಲೆಯಲ್ಲಿ ನಿಲ್ಲುವುದಿಲ್ಲ, ಎರೆಮಣ್ಣಿನ ದಾರಿಯಲ್ಲಿ ದಿನಾ ಓಡುತ್ತದೆ. ಮೊದಲ ಮಳೆ ಬಿದ್ದರೆ ಆ ಮಣ್ಣು ಚೈನಿನ ಒಳಗೆ ಹೋಗಿ ಅರೆಯುತ್ತದೆ. ಅದನ್ನು ಬಿಚ್ಚಿ, ತೊಳೆದು, ಸಡಿಲು ನೋಡುವವಳು ಸೊಸೆ. ಕವರಿನೊಳಗೆ ಏನಿದೆ ಎಂದು ಅವಳಿಗೆ ಗೊತ್ತಿರಲೇಬೇಕು. ಗೊತ್ತಾದರೆ ಒಂದೇ ಒಲೆಯ ಮುಂದೆ ಕೂತು ಅತ್ತೆಗೆ ದಿನಾ ಮುಚ್ಚಿಡುವವಳೂ ಅವಳೇ ಆಗುತ್ತಾಳೆ. ನಾನು ಒಂದು ಸಲ ಹೇಳಿ ಕೈ ತೊಳೆದುಕೊಳ್ಳುವ ಸುಳ್ಳು, ಅವಳ ಪಾಲಿಗೆ ಸಂಸಾರ. ಮುದುಕಿಯ ಎದುರಿಗೇ ಬದಲಿ ಮಾಡಬೇಕು ಎಂದು ನಿಶ್ಚಯಿಸಿದೆ. ಅವಳು ಬೇಡ ಎಂದರೆ ಗಾಡಿಯನ್ನು ನೂಕಿಕೊಂಡು ಒಯ್ಯಲಿ. ಆ ಹಳೇ ಚೈನು ಹಾಕಿ ನಾನು ಕೊಡುವುದಿಲ್ಲ.

ಬಸ್ಸು ಹಿಡಿದು ಇಂಡಿಗೆ ಹೋಗಿ ಹೊಸ ಚೈನು, ಮುಂದಿನ ಹಿಂದಿನ ಹಲ್ಲುಗಾಲಿಗಳ ಜೊತೆ ತಂದೆ. ಮರುದಿನ ಇಬ್ಬರೂ ಬರಲಿ ಎಂದು ಹೇಳಿ ಕಳಿಸಿದೆ.

ರವಿವಾರ ಮುಂಜಾನೆ ಬಂದರು. ಅತ್ತೆ ಬುಟ್ಟಿಯಲ್ಲಿ ನನಗಾಗಿ ಸಜ್ಜಿರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡು ಬಂದಿದ್ದಳು. ಚೈನು ಉಳಿದ ಸುದ್ದಿ ಅವಳಿಗೆ ಮುಟ್ಟಿತ್ತು ಎಂದು ಅದನ್ನು ನೋಡಿಯೇ ತಿಳಿಯಿತು. ರೊಟ್ಟಿ ಕೈಯಲ್ಲಿ ತೆಗೆದುಕೊಂಡು ನಿಲ್ಲುವುದು ಅಷ್ಟು ಕಷ್ಟ ಎಂದು ನಾನು ತಿಳಿದಿರಲಿಲ್ಲ.

ಮಾತಾಡುವ ಬದಲು ತೋರಿಸಿದೆ. ಗೋಡೆಯ ಒಂದೇ ಮೊಳೆಗೆ ಎರಡೂ ಚೈನು ಜೋತುಹಾಕಿದೆ. ಎರಡರಲ್ಲೂ ಕೊಂಡಿಗಳ ಎಣಿಕೆ ಒಂದೇ. ಹಳೆಯದು ಹೊಸದಕ್ಕಿಂತ ಹೆಬ್ಬೆರಳ ಅಗಲದಷ್ಟು ಕೆಳಗಿಳಿದಿತ್ತು.

"ಇದ್ಯಾಕ ಉದ್ದ ಐತಿ?" ಎಂದಳು ಅತ್ತೆ.

"ಸವದೈತ್ರಿ ಅವ್ವಾರ. ಒಂದೊಂದು ಕೀಲ ಒಂದೀಟೀಟ ಸವದು, ಎಲ್ಲಾ ಕೂಡಿ ಇಷ್ಟಾಗೈತಿ. ನಿನ್ನಿ ನಾನು ಹಾಕ್ಕೊಂಡು ಹೋಗಿ ಹಳ್ಳದ ದಿಬ್ಬಿನಾಗ ಬಿದ್ದೇನಿ. ಈ ಕಾಕಾನ ಮೊಣಕಾಲ ನೋಡ್ರಿ."

ಚಹಾದಂಗಡಿಯವ ಪೈಜಾಮ ಎತ್ತಿ ಪಟ್ಟಿ ತೋರಿಸಿದ. ಚೇಷ್ಟೆ ಮಾಡಲಿಲ್ಲ.

ಅತ್ತೆ ಹಳೇ ಚೈನಿನ ಕೆಳಗಿನ ತುದಿ ಅಂಗೈಯಲ್ಲಿ ಹಿಡಿದುಕೊಂಡಳು.

"ನನ್ನ ಎಣ್ಣಿಲೆ ಕೆಟ್ಟತೇನ ತಮ್ಮಾ?"

ಆ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ರಾತ್ರಿಯೇ ಉತ್ತರ ಹೊಂದಿಸಿಕೊಂಡಿದ್ದೆ. ಅವಳನ್ನು ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಅಡ್ಜಸ್ಟರ್ ನಿಂತ ಗೆರೆ ತೋರಿಸಿದೆ.

"ಎಣ್ಣಿಲೆ ಮೆತ್ತಿಕೊಂಡಿತ್ರಿ, ಅದನ್ನ ತಗದೇವಿ. ಸವದದ್ದು ಅದಕ್ಕಿಂತ ಮೊದಲ. ನೋಡ್ರಿ, ಇಲ್ಲಿಂದ ಎಳಕೋತ ಎಳಕೋತ ಬಂದು ಕಡೀಗೆರಿಗೆ ನಿಂದ್ರಿಸ್ಯಾರ ನಿಮ್ಮ ಮಗ. ಇದರ ಮುಂದ ಎಳ್ಯಾಕ ಬರಂಗಿಲ್ಲ. ಇನ್ನೊಮ್ಮಿ ಸಡಲಾದ್ರ ಹೊಸಾದ ಹಾಕಬೇಕು ಅನ್ನೂದು ಅವ್ರಿಗೆ ಗೊತ್ತಿತ್ತು. ಕೆಲಸ ತಿಳದವ್ರು."

"ಗೊತ್ತಿತ್ತಾ?"

ಅದಕ್ಕೆ ಸೊಸೆ ಉತ್ತರ ಕೊಟ್ಟಳು. "ದವಾಖಾನಿಂದ ಬಂದ ಮ್ಯಾಲ ಇಂಡಿಗೆ ಹೋಗಿ ಹೊಸಾ ಸೆಟ್ ತರಬೇಕು ಅಂದಿದ್ರು ಅತ್ತಿ. ನಾ ಮರತಿದ್ನಿ." ಆಮೇಲೆ ಸ್ವಲ್ಪ ತಡೆದು, "ಮರತಿದ್ದಿಲ್ಲ, ಹೇಳಿದ್ದಿಲ್ಲ" ಎಂದಳು.

ಅತ್ತೆ ಸೊಸೆಯನ್ನು ನೋಡಿದಳು. ಸಿಟ್ಟಿನಿಂದ ಅಲ್ಲ. ತನಗೆ ಗೊತ್ತಿಲ್ಲದ ಮಗನ ಮಾತೊಂದು ಇನ್ನೂ ಉಳಿದಿತ್ತಲ್ಲ ಎನ್ನುವ ಹಾಗೆ ನೋಡಿದಳು. ಬೇವಿನ ಗಿಡದ ಕೆಳಗೆ ಹೋಗಿ ಕೂತಳು. ರಸ್ತೆಯಲ್ಲಿ ಸಿಂದಗಿ ಬಸ್ಸು ಬಂದು, ನಿಂತು, ಮಂದಿಯನ್ನು ಇಳಿಸಿ ಹೋಯಿತು.

"ಹಾಕು" ಎಂದಳು.

ಮುಂದಿನ ಹಲ್ಲುಗಾಲಿ ಮೊದಲು, ಆಮೇಲೆ ಹಿಂದಿನದು. ಚೈನು ಸುತ್ತಿಸಿ ಲಾಕು ಹಾಕುವಾಗ ಸೊಸೆಯನ್ನು ಕರೆದು ಮೂತಿ ಯಾವ ಕಡೆ ಇರಬೇಕು ಎಂದು ತೋರಿಸಿದೆ. ಒಮ್ಮೆ ನಾನು ಹಾಕಿ ಬಿಚ್ಚಿದೆ, ಅವಳು ಹಾಕಿದಳು. ಎರಡೂ ಕಡೆಯ ಅಡ್ಜಸ್ಟರ್ ನಟ್ಟಿಗೆ ಪಾನಾ ಹಾಕಿ ಸಮ ತಿರುಗಿಸಬೇಕು, ಇಲ್ಲದಿದ್ದರೆ ಗಾಲಿ ಓರೆ ಕೂತು ಚೈನು ಒಂದೇ ಮಗ್ಗುಲು ಸವೆಯುತ್ತದೆ ಎಂದು ಹೇಳಿದೆ. ಎರಡು ಬೆರಳು ಸಡಿಲು ಬಂತು.

"ಇನ್ನ ಭಾರ ಹಾಕಿ ನೋಡಬೇಕು," ಎಂದೆ. "ಯಾರರ ಮ್ಯಾಲ ಕೂಡ್ರಿ."

ಚಹಾದಂಗಡಿಯವ ಎರಡು ಹೆಜ್ಜೆ ಹಿಂದೆ ಸರಿದ. "ನನ್ನ ಬಿಟ್ಟ ಬ್ಯಾರೆ ಯಾರರ."

ಸೊಸೆಯ ಬೆರಳು ಚೈನಿನ ಮೇಲಿರಬೇಕಿತ್ತು. ನಾನು ಗಾಡಿ ಹಿಡಿದು ನಿಲ್ಲಬೇಕಿತ್ತು. ಉಳಿದವಳು ಅತ್ತೆ. ಎದ್ದು ಬಂದಳು. ನಾನು ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಹಿಡಿದೆ. ಅವಳು ಸೀರೆ ಸರಿ ಮಾಡಿಕೊಂಡು, ಒಂದೇ ಮಗ್ಗುಲಾಗಿ, ಓಡಿಸುವವರು ಕೂರುವ ಜಾಗದಲ್ಲಿಯೇ ಕೂತಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಟ್ಯಾಂಕಿನ ಮೇಲೆ ಇಟ್ಟಳು. ತಾನು ವರ್ಷದಿಂದ ಒರೆಸಿದ ಟ್ಯಾಂಕು.

ಕೆಳಗೆ ಸೊಸೆ ಕೂತು ಬೆರಳಿಂದ ಚೈನು ಎತ್ತಿ ನೋಡಿದಳು. "ಕಮ್ಮಿ ಆತ್ರಿ ಅಣ್ಣಾರ. ಒಂದು ಬೆರಳ ಆಡಾಕತ್ತೈತಿ."

"ಅದಕ್ಕ ನೋಡು, ಖಾಲಿ ಗಾಡಿ ನೋಡಿ ಬಿಗೀಬಾರದು. ಪೆಟ್ಟಿಗಿ ಇಟ್ಟು, ನೀ ಕುಂತು, ಆಗ ಒಂದೂವರಿ ಬೆರಳ ಇರಬೇಕು. ಒಂದೀಟ ಸಡಲ ಬಿಡು."

ಅವಳೇ ಪಾನಾ ತಿರುಗಿಸಿದಳು, ಎಡಕ್ಕೆ ಒಂದು, ಬಲಕ್ಕೆ ಒಂದು. ಅಕ್ಸೆಲ್ ನಟ್ಟು ನಾನು ಬಿಗಿದು, ಪಿನ್ನು ಹಾಕಿ, ಬ್ರೇಕು ಹೊಂದಿಸಿ, ಕವರು ಮುಚ್ಚಿದೆ. ಹಳೇ ಚೈನನ್ನು ಒರೆಸಿ ಗೋಣಿ ತುಂಡಿನಲ್ಲಿ ಸುತ್ತಿ ಅತ್ತೆಯ ಬುಟ್ಟಿಯಲ್ಲಿಟ್ಟೆ. ಬೇಕು ಎಂದು ಅವಳು ಕೇಳಿರಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಸೊಸೆ ಗಾಡಿ ಚಾಲೂ ಮಾಡಿ ಶಾಲೆಯ ತನಕ ಹೋಗಿ ತಿರುಗಿಸಿಕೊಂಡು ಬಂದಳು. ಬೆನ್ನು ನೆಟ್ಟಗೆ, ಸೆರಗು ಸೊಂಟಕ್ಕೆ ಬಿಗಿದು, ಗೇರು ಒಂದೂ ತಪ್ಪಿಸದೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲಿನವರು ತಿರುಗಿ ನೋಡಿದರು. ಬಂದು ನಮ್ಮ ಮುಂದೆ ನಿಲ್ಲಿಸಿದಾಗ ಎಂಜಿನ್ನಿನ ಸಣ್ಣ ಗುನುಗು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

"ಬೆಣ್ಣ್ಯಾಗಿಂದ ಕೂದಲ ಎಳದಂಗ ಆತಲ್ಲೋ" ಎಂದ ಚಹಾದಂಗಡಿಯವ.

ನನಗೂ ಹೆಮ್ಮೆಯಾಯಿತು. ಚೈನಿನ ಕೆಲಸ ಮಾಡಿದವನಿಗೆ ಅದಕ್ಕಿಂತ ದೊಡ್ಡ ಶಾಭಾಸ್‌ಗಿರಿ ಇಲ್ಲ. ಅತ್ತೆಯ ಕಡೆ ತಿರುಗಿದೆ.

"ಹೆಂಗ್ರಿ ಅವ್ವಾರ?"

"ಸಪ್ಪಳ ಇಲ್ಲಲ್ಲ ತಮ್ಮಾ," ಎಂದಳು.

"ಇರಬಾರದ್ರಿ. ಇದ್ರ ಸವದೈತಿ ಅಂತ ಅರ್ಥ."

"ಅಂವ ಬರೂಮುಂದ ಹಳ್ಳದ ಆಕಡಿಂದ ಕೇಳ್ತಿತ್ತು. ಟಕ್ಕ ಟಕ್ಕ ಅಂತ ಬಡೀತಿತ್ತು ಕವರಿಗೆ. ಆ ಸಪ್ಪಳ ಕೇಳಿ ನಾ ಹಂಚಿಗೆ ರೊಟ್ಟಿ ಹಾಕ್ತಿದ್ನಿ. ಅಂವ ಕೈಕಾಲ ತೊಳಕೊಂಡ ಒಳಗ ಬರೂದಕ್ಕ ರೊಟ್ಟಿ ಆಗಿರ್ತಿತ್ತು." ಚೈನಿನ ಕವರಿನ ಮೇಲೆ ಕೈಯಾಡಿಸಿದಳು. "ಈಗ ಇಕಿ ಬಂದದ್ದು ಹೆಂಗ ಗೊತ್ತಾಗಬೇಕು ನನಗ?"

ಪಾನಾ ನನ್ನ ಕೈಯಲ್ಲೇ ಇತ್ತು. ಎರಡು ಸುತ್ತು ಸಡಿಲ ಮಾಡಿದರೆ ಸಾಕು, ಹೊಸ ಚೈನೂ ಕವರಿಗೆ ಬಡಿದು ಟಕ್ಕ ಟಕ್ಕ ಎನ್ನುತ್ತದೆ. ಅವಳಿಗೆ ಅದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಪಾನಾ ಡಬ್ಬಿಯೊಳಗೆ ಹಾಕಿದೆ.

"ಹಳ್ಳ ದಾಟೂಮುಂದ ಹಾರ್ನ್ ಹೊಡೀತಾಳ್ರಿ ಅಕಿ," ಎಂದೆ. ಸೊಸೆಯೂ ಹೌದು ಹೌದು ಎಂದಳು.

ಹಿಂದೆ ಕೂರು ಎಂದು ಸೊಸೆ ಕರೆದಳು. ಅತ್ತೆ ಒಲ್ಲೆ ಎಂದು ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ನಡೆದೇ ಹೋದಳು. ಸೊಸೆ ಸ್ವಲ್ಪ ದೂರ ಗಾಡಿಯನ್ನು ಅವಳ ಸಂಗಡ ನಡಿಗೆಯ ವೇಗಕ್ಕೆ ಓಡಿಸಿದಳು, ಆಮೇಲೆ ಮುಂದೆ ಹೋದಳು. ಮುದ್ದೇಬಿಹಾಳದ ಅಣ್ಣ ಅವತ್ತು ಬಂದು, ಉಂಡು, ಅಂಗಳದಲ್ಲಿ ಗಾಡಿ ನೋಡಿ, ಒಬ್ಬನೇ ತಿರುಗಿ ಹೋದನಂತೆ.

ಈಗ ಸೊಸೆ ತಿಂಗಳಿಗೊಮ್ಮೆ ಬರುತ್ತಾಳೆ. ಚೈನನ್ನು ಅವಳೇ ನೋಡಿಕೊಳ್ಳುತ್ತಾಳೆ, ನಾನು ಬೆರಳು ಹಾಕಿ ಸರಿ ಎನ್ನುತ್ತೇನೆ, ಅಷ್ಟೇ. ವಸ್ತಿಗಳಲ್ಲಿ ಅವಳ ಗಾಡಿ ಕಂಡರೆ ದನ ಕಟ್ಟುತ್ತಾರಂತೆ. ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಬಂದಿದ್ದಾಗ ಕೇಳಿದೆ.

"ಹಾರ್ನ್ ಹೊಡೀತಿ ಹೌದಿಲ್ಲ ತಂಗಿ, ಹಳ್ಳದ ಹತ್ರ?"

"ಮೊದಲಿಗೆ ಹೊಡೀತಿದ್ನಿರಿ. ಅತ್ತೀನ ಬ್ಯಾಡಂದ್ರು. ಹಾರ್ನ್ ಎಲ್ಲಾರೂ ಹೊಡೀತಾರ ಅಂದ್ರು."

"ಮತ್ತ ಹೆಂಗ ಗೊತ್ತಾಗ್ತೈತಿ ಅವ್ರಿಗೆ?"

"ಹೊತ್ತು ಮುಳಗೂ ಹೊತ್ತಿಗೆ ಕಟ್ಟಿಮ್ಯಾಲ ಬಂದು ಕುಂತಿರ್ತಾರ್ರಿ. ನಾ ಬರೂದು ದೂರಿಂದ ನೋಡ್ತಾರ, ಎದ್ದು ನೀರ್ ಕೊಡ್ತಾರ." ಅವಳು ಕೈಗಂಟಿದ ಎಣ್ಣೆಯನ್ನು ಅರಿವೆಯಿಂದ ಒರೆಸಿಕೊಳ್ಳುತ್ತಿದ್ದಳು. "ನಾ ಗಾಡಿ ನಿಂದ್ರಿಸಿ ಒಳಗ ಹೋದ ಮ್ಯಾಲೂ ಒಂದೀಟ ಹೊತ್ತು ಅಲ್ಲೇ ನಿಂತು ಹಾದಿ ನೋಡ್ತಿರ್ತಾರ್ರಿ."